ಒಡೆದ ಹಿಮ್ಮಡ ಮತ್ತು ಮುರುಗಲು ತುಪ್ಪ

ಸುರಪುರದ ಇತಿಹಾಸ ಅಂದರೆ ನಮಗೆ ನಾಯಕರ ದೊರೆತನ, 1858ರ ಬಂಡಾಯ, ಮೆಡೋಸ್ ಟೇಲರನ ಮಂಜಿಲ್. ಯಾದಗಿರಿ, ಶಹಾಪುರ, ಸುರಪುರದ ಎರೆಹೊಲಗಳಲ್ಲಿ ಬರಿಗಾಲಲ್ಲಿ ದುಡಿದವರ ಹಿಮ್ಮಡ ಚಳಿಗಾಲದಲ್ಲಿ ಒಡೆಯುತ್ತಿತ್ತು, ಅದಕ್ಕೆ ಏನು ಹಚ್ಚಿಕೊಳ್ಳುತ್ತಿದ್ದರು ಎಂದು ನಾವು ಕೇಳುವುದಿಲ್ಲ. ನಮ್ಮ ಕಡೆ ಕೈಗೆ ಸಿಗುವವು ಕುಸುಬಿ, ಔಡಲ, ಬೇವು. ಎಲ್ಲವೂ ಹರಿಯುವ ಎಣ್ಣೆಗಳು. ಇದೇ ನೋವಿಗೆ ಗಟ್ಟಿ ಜಿಡ್ಡೊಂದನ್ನು ಕಂಡುಕೊಂಡವರು ಉತ್ತರ ಕನ್ನಡದ ಮನೆಗಳವರು: ಮುರುಗಲು ಬೀಜದ ತುಪ್ಪ. ಮಂಗಳೂರು ಕಡೆ ಆ ಹಣ್ಣನ್ನು ಪುನರ್ಪುಳಿ ಅನ್ನುತ್ತಾರೆ.

ಸಿಪ್ಪೆ ಸಾರಿಗೆ, ಶರಬತ್ತಿಗೆ ಹೋದ ಮೇಲೆ ಉಳಿದ ಬೀಜವನ್ನು ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸುತ್ತಾರೆ. ಮೇಲೆ ತೇಲಿದ ಜಿಡ್ಡು ತಣಿದು ಗಟ್ಟಿಯಾದಾಗ ತೆಗೆದು ಉಂಡೆ ಕಟ್ಟುತ್ತಾರೆ. ಇಷ್ಟೇ ವಿದ್ಯೆ. ಡೈಮಾಕ್, ವಾರ್ಡನ್, ಹೂಪರ್ ಸೇರಿ ಬರೆದ ‘ಫಾರ್ಮಕೋಗ್ರಾಫಿಯಾ ಇಂಡಿಕಾ’ದ ಮೊದಲ ಸಂಪುಟ 1890ರಲ್ಲಿ ಬಂತು, ಕೋಕಮ್ ಬೆಣ್ಣೆಗೆ ಅಲ್ಲಿ ಜಾಗವಿದೆ. ತುಪ್ಪಕ್ಕೆ ಇದನ್ನು ಬೆರಕೆ ಮಾಡುತ್ತಾರೆಂಬ ದೂರು ಆ ಕಾಲದ ಬರಹಗಳಲ್ಲಿ ಸಿಗುತ್ತದೆ. ಕುಟ್ಟಿ ಕುದಿಸಿದ ಹೆಂಗಸರ ಹೆಸರು ಮಾತ್ರ ಯಾರೂ ಬರೆದಿಡಲಿಲ್ಲ.

ಇದರ ಗುಣಕ್ಕೆ ಕಾರಣ ಸರಳ. ಮುಖ್ಯವಾಗಿ ಸ್ಟಿಯರಿಕ್, ಓಲಿಯಿಕ್ ಆಮ್ಲಗಳ ಈ ಕೊಬ್ಬು ಸುಮಾರು 40 ಡಿಗ್ರಿಯಲ್ಲಿ ಕರಗುತ್ತದೆ. ಚರ್ಮದ ಮೇಲ್ಮೈ ಅದಕ್ಕಿಂತ ತಂಪು. ಹಾಗಾಗಿ ಉಜ್ಜಿದಾಗ ಮೆದುವಾದರೂ ಎಣ್ಣೆಯಂತೆ ಹರಿದುಹೋಗದೆ ಬಿರುಕಿನಲ್ಲಿ ನಿಲ್ಲುತ್ತದೆ, ಒಳಗಿನ ತೇವ ಆರದಂತೆ ತಡೆಯುತ್ತದೆ. (ನಮ್ಮ ಮೇ ತಿಂಗಳ ಬಿಸಿಲಿಗೆ ಡಬ್ಬಿಯಲ್ಲೇ ನೀರಾದೀತು!)

ಸುರಕ್ಷಿತವೇ? ಅಮೆರಿಕದ ಸೌಂದರ್ಯವರ್ಧಕ ಘಟಕಗಳ ತಜ್ಞ ಸಮಿತಿ ಸಸ್ಯಮೂಲದ 244 ಎಣ್ಣೆ–ಕೊಬ್ಬುಗಳನ್ನು ಒಟ್ಟಿಗೆ ಪರಿಶೀಲಿಸಿ, ಸೌಂದರ್ಯವರ್ಧಕಗಳಲ್ಲಿ ಅವುಗಳ ಬಳಕೆ ಸುರಕ್ಷಿತ ಎಂದಿತು; ಮುರುಗಲು ಅದರಲ್ಲಿದೆ. ಆದರೆ ‘ಗಿಡದ್ದು’ ಎಂಬ ಮಾತಿಗೆ ನಾನು ಮರುಳಾಗಲಾರೆ. ಕ್ರೀಮಿನಲ್ಲಿ ಬೆಣ್ಣೆಯ ಜೊತೆ ಸುಗಂಧವೂ ಇರುತ್ತದೆ, ತುರಿಕೆ ತರುವುದು ಅನೇಕ ಸಲ ಅದು. ಮೊದಲು ಮೊಣಕೈ ಒಳಬದಿಗೆ ಚೂರು ಹಚ್ಚಿ ನೋಡುವುದು ಒಳ್ಳೆಯದು. ರಕ್ತ ಬರುವಷ್ಟು ಸೀಳಿದ ಹಿಮ್ಮಡಕ್ಕೆ, ಅದರಲ್ಲೂ ಸಕ್ಕರೆ ಕಾಯಿಲೆಯವರ ಕಾಲಿಗೆ, ವೈದ್ಯರೇ ಬೇಕು.

ಯುರೋಪ್ ಒಕ್ಕೂಟ 2000ರ ನಿಯಮದಲ್ಲಿ ಚಾಕೊಲೇಟಿಗೆ ಶೇ. 5ರವರೆಗೆ ಬೆರೆಸಬಹುದಾದ ಆರು ಸಸ್ಯಕೊಬ್ಬುಗಳಲ್ಲಿ ಇದನ್ನೂ ಸೇರಿಸಿತು. ಅಂದು ಬೆರಕೆ ಎನಿಸಿದ್ದು ಇಂದು ಕಾಯಿದೆಯೊಳಗೆ ಬಂದಿದೆ. ಕ್ರೀಮಿನ ಡಬ್ಬಿಯ ಹಿಂದೆ ಅದರ ಹೆಸರು ‘ಗಾರ್ಸಿನಿಯಾ ಇಂಡಿಕಾ ಸೀಡ್ ಬಟರ್’. ಮುರುಗಲು ಎಂಬ ಪದ ಅಲ್ಲಿಲ್ಲ.