ಇಂಟ್‌ನ ನೆರಳು: ಸಿ ಭಾಷೆಯಲ್ಲಿ ನಿಗದಿತ ಅಗಲದ ಪೂರ್ಣಾಂಕಗಳು ಬಂದ ಬಗೆ

ಸಿ ಭಾಷೆಯ ಇಂಟ್ ಎಷ್ಟು ಬಿಟ್‌ನದು ಎಂದು ಕೇಳಿದರೆ ಸಿಗುವ ಉತ್ತರ 'ಯಾವ ಯಂತ್ರದಲ್ಲಿ?' ಎಂಬ ಮರುಪ್ರಶ್ನೆ. ಇದರ ಬೇರು ಬೆಲ್ ಲ್ಯಾಬ್ಸ್‌ನಲ್ಲಿದೆ. ಡೆನ್ನಿಸ್ ರಿಚಿ ಸಿಯನ್ನು ಬೆಳೆಸಿದ್ದು ಬಿ ಎಂಬ ಭಾಷೆಯಿಂದ. ಬಿಯಲ್ಲಿ ಟೈಪ್‌ಗಳೇ ಇರಲಿಲ್ಲ, ಎಲ್ಲವೂ ಯಂತ್ರದ ಒಂದು ವರ್ಡ್. ಪ್ರತಿ ಬೈಟ್‌ಗೂ ವಿಳಾಸವಿದ್ದ 16 ಬಿಟ್‌ನ ಪಿಡಿಪಿ-11 ಯಂತ್ರ ಬಂದಾಗ ಆ ಪದ್ಧತಿ ಸಾಲದಾಯಿತು. ಚಾರ್ ಬೈಟ್‌ಗೆ, ಇಂಟ್ ರಿಜಿಸ್ಟರ್‌ಗೆ ಹೊಂದಿಕೊಂಡವು. 1978ರಲ್ಲಿ ಕರ್ನಿಘನ್ ಮತ್ತು ರಿಚಿ ಬರೆದ ಸಿ ಪುಸ್ತಕ ಹೊರಬರುವಷ್ಟರಲ್ಲಿ ಹನಿವೆಲ್ 6000ರಲ್ಲಿ ಇಂಟ್ 36 ಬಿಟ್, ಚಾರ್ 9 ಬಿಟ್ ಆಗಿದ್ದವು; ಇಂಟರ್‌ಡೇಟಾ 8/32ರಲ್ಲಿ ಇಂಟ್ 32 ಬಿಟ್.

1989ರ ಆನ್ಸಿ ಮಾನಕ ಕನಿಷ್ಠ ಮಿತಿಯನ್ನಷ್ಟೇ ಕಟ್ಟಿತು: ಇಂಟ್ −32767ರಿಂದ 32767ರವರೆಗಾದರೂ ಹಿಡಿಯಬೇಕು. ಮೈಕ್ರೋಕಂಟ್ರೋಲರ್‌ಗೆ ಬರೆಯುವವರಿಗೆ ಇದು ಸಾಲದು, ಏಕೆಂದರೆ ಅಲ್ಲಿ ಹಾರ್ಡ್‌ವೇರ್ ರಿಜಿಸ್ಟರ್‌ನ ಅಗಲ ಮೊದಲೇ ತೀರ್ಮಾನವಾಗಿರುತ್ತದೆ. ಹೀಗಾಗಿ ಯು8, ಯು16 ಎಂಬಂಥ, ಅವರವರೇ ಇಟ್ಟುಕೊಂಡ ಹೆಸರುಗಳು ಹುಟ್ಟಿಕೊಂಡವು. ವಾಹನೋದ್ಯಮದ ಮಿಸ್ರಾ ಮಾರ್ಗಸೂಚಿ 1998ರಲ್ಲಿ ಅಗಲ ಸೂಚಿಸುವ ಹೆಸರುಗಳನ್ನೇ ಬಳಸಲು ಹೇಳಿತು. ಮರುವರ್ಷದ ಸಿ99 ಮಾನಕ ಸ್ಟಡ್‌ಇಂಟ್ ಹೆಡರ್ ಮೂಲಕ ಯುಇಂಟ್8_ಟಿಯಂಥ ಹೆಸರುಗಳನ್ನು ಎಲ್ಲರಿಗೂ ಒಂದೇ ಮಾಡಿತು.

ಆ ಮಾನಕದ ಒಂದು ಎಚ್ಚರ ನನಗೆ ಬಹಳ ಮೆಚ್ಚುಗೆ. ಕರಾರುವಾಕ್ಕಾದ ಅಗಲದ ಟೈಪ್ ಐಚ್ಛಿಕ. 'ಕನಿಷ್ಠ ಇಷ್ಟು' ಮತ್ತು 'ಇಷ್ಟಾದರೂ ಇರುವ ವೇಗದ್ದು' ಎಂಬ ಎರಡು ಬಳಗಗಳು ಕಡ್ಡಾಯ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಸಿ28ಎಕ್ಸ್ ಪ್ರೊಸೆಸರ್‌ನಲ್ಲಿ ಚಾರ್ 16 ಬಿಟ್‌ನದು. ಅಲ್ಲಿ ಯುಇಂಟ್8_ಟಿ ಇರಲು ಸಾಧ್ಯವೇ ಇಲ್ಲ. ಅದನ್ನು ಬಳಸಿದ ಕೋಡ್ ಕಂಪೈಲ್ ಆಗದೆ ನಿಲ್ಲುತ್ತದೆ. ಗೊತ್ತಾಗದಂತೆ ತಪ್ಪು ಲೆಕ್ಕ ಕೊಡುವುದಕ್ಕಿಂತ ಹಾಗೆ ನಿಲ್ಲುವುದೇ ಮೇಲು. ಬರೀ ಇಂಟ್ ಬಳಸಿದರೆ ಅಂಥ ತಪ್ಪು ಹೇಗೆ ನುಸುಳುತ್ತದೆ ಎಂಬುದಕ್ಕೆ ಆರ್ಡುಯಿನೊ ಬೋರ್ಡ್‌ಗಳೇ ಉದಾಹರಣೆ: ಊನೋದಲ್ಲಿ ಇಂಟ್ 16 ಬಿಟ್, ಡ್ಯೂನಲ್ಲಿ 32. ಮಿಲಿಸೆಕೆಂಡ್‌ಗಳ ಎಣಿಕೆಯನ್ನು ಇಂಟ್‌ನಲ್ಲಿಟ್ಟರೆ ಡ್ಯೂನಲ್ಲಿ ದಿನಗಟ್ಟಲೆ ಸರಿಯಾಗಿ ನಡೆಯುವ ಕೋಡ್ ಊನೋದಲ್ಲಿ 32.767 ಸೆಕೆಂಡ್ ದಾಟಿದೊಡನೆ ಋಣಸಂಖ್ಯೆ ತೋರಿಸುತ್ತದೆ.

ಆದರೆ ಯುಇಂಟ್8_ಟಿಯಂಥ ಹೆಸರುಗಳು ಕಟ್ಟಿಹಾಕಿದ್ದು ಸಂಗ್ರಹದ ಅಗಲವನ್ನು, ಲೆಕ್ಕದ ಅಗಲವನ್ನಲ್ಲ. ಪಾಠಗಳಲ್ಲಿ ಹೆಚ್ಚಾಗಿ ತಪ್ಪಿಹೋಗುವುದು ಇದೇ. ಪಿಡಿಪಿ-11ರಲ್ಲಿ ಬೈಟ್‌ಗಳನ್ನು ಕೂಡುವ ಆದೇಶವೇ ಇರಲಿಲ್ಲ; ಬೈಟ್ ರಿಜಿಸ್ಟರ್‌ಗೆ ಬಂದು, ಅಗಲಗೊಂಡು, ಆಮೇಲೆ ಲೆಕ್ಕಕ್ಕೆ ಸೇರುತ್ತಿತ್ತು. ಇಂಟ್‌ಗಿಂತ ಕಿರಿದಾದದ್ದು ಲೆಕ್ಕದ ಹೊತ್ತಿಗೆ ಇಂಟ್ ಆಗಿ ಬಡ್ತಿ ಪಡೆಯಬೇಕೆಂಬ ಸಿಯ ನಿಯಮ ಆ ಯಂತ್ರದ ಸ್ವಭಾವವನ್ನೇ ಹೋಲುತ್ತದೆ. ಹಳೆಯ ಯುನಿಕ್ಸ್ ಕಂಪೈಲರ್‌ಗಳು ಚಿಹ್ನೆಯಿಲ್ಲದ ಚಾರನ್ನು ಚಿಹ್ನೆಯಿಲ್ಲದ ಇಂಟ್ ಆಗಿಸುತ್ತಿದ್ದವು. ಅದರ ಎಲ್ಲ ಬೆಲೆಗಳೂ ಚಿಹ್ನೆಯುಳ್ಳ ಇಂಟ್‌ನಲ್ಲಿ ಹಿಡಿಯುವುದಾದರೆ ಅದೇ ಆಗಲಿ ಎಂದು ಆನ್ಸಿ ಸಮಿತಿ ತೀರ್ಮಾನಿಸಿತು.

ಆ ತೀರ್ಮಾನದ ಫಲವನ್ನು 32 ಬಿಟ್ ಆರ್ಮ್ ಚಿಪ್‌ನಲ್ಲಿ ಇಂದಿಗೂ ಕಾಣಬಹುದು. 65535 ತುಂಬಿದ ಎರಡು ಯುಇಂಟ್16_ಟಿಗಳನ್ನು ಗುಣಿಸಿದರೆ ಬರಬೇಕಾದದ್ದು 4294836225. ಇಂಟ್‌ನ ಗರಿಷ್ಠ ಮಿತಿ 2147483647. ಎರಡೂ ಚಿಹ್ನೆಯಿಲ್ಲದವು, ಆದರೂ ಗುಣಾಕಾರ ಚಿಹ್ನೆಯುಳ್ಳ ಇಂಟ್‌ನಲ್ಲಿ ನಡೆದು ಉಕ್ಕುತ್ತದೆ. ಆಮೇಲೆ ಏನಾಗಬೇಕೆಂದು ಮಾನಕ ಹೇಳುವುದಿಲ್ಲ. ಗುಣಿಸುವ ಮೊದಲೇ ಒಂದನ್ನು ಯುಇಂಟ್32_ಟಿಗೆ ಬದಲಿಸಿಕೊಳ್ಳಬೇಕು. ಸಿ23 ಮಾನಕ ತಂದ ಬಿಟ್‌ಇಂಟ್ ಟೈಪ್‌ಗಳಿಗೆ ಮಾತ್ರ ಈ ಬಡ್ತಿಯಿಲ್ಲ: ಅಂಥ ಎರಡು 8 ಬಿಟ್‌ ಸಂಖ್ಯೆಗಳ ಮೊತ್ತವೂ 8 ಬಿಟ್‌ನದೇ.