ಜೂಜಿನ ಹಡಗುಗಳ ಊರಿನಲ್ಲಿ ರಜೆಯ ಕೊನೆಯ ದಿನ

ಗೋವಾಕ್ಕೆ ಹೋಗಿ ಬಂದೆವು ಅಂದರೆ ಬಾಣಾವರದಲ್ಲಿ ಯಾರೂ ಸಮುದ್ರ ಹೇಗಿತ್ತು ಎಂದು ಕೇಳುವುದಿಲ್ಲ. "ಕ್ಯಾಸಿನೋಗೆ ಹೋಗಿದ್ರಾ? ಎಷ್ಟು ಬಂತು?" ಎನ್ನುತ್ತಾರೆ. ಎಷ್ಟು ಹೋಯಿತು ಎಂದು ಕೇಳಿದವರನ್ನು ನಾವಿನ್ನೂ ಕಂಡಿಲ್ಲ. ಗಂಡ ಹೆಂಡತಿ ಇಬ್ಬರೂ ಉತ್ತರ ಹೇಳಿ ಹೇಳಿ ಸಾಕಾಗಿ, ಪಣಜಿ ಜೂಜಿನ ಊರಾದದ್ದು ಹೇಗೆ ಅನ್ನುವುದನ್ನೇ ಬರೆಯೋಣ ಎಂದು ಕೂತಿದ್ದೇವೆ.

ರಜೆಯ ಕೊನೆಯ ದಿನ ನಮಗೆ ಮಾಡುವ ಕೆಲಸವೇನೂ ಇರಲಿಲ್ಲ. ವಾಸ್ಕೋದಿಂದ ಅರಸೀಕೆರೆ ಕಡೆಗೆ ರೈಲು ಇದ್ದದ್ದು ರಾತ್ರಿ. ರೂಮು ಖಾಲಿ ಮಾಡಿ, ಬ್ಯಾಗನ್ನು ಲಾಡ್ಜಿನವರ ಹತ್ತಿರವೇ ಬಿಟ್ಟು, ಪಣಜಿಯ ನದಿ ದಂಡೆಯಲ್ಲಿ ನಡೆದೆವು. ಒಂದು ಕಡೆ ನೀರಿನಲ್ಲಿ ನಿಂತ ಕ್ಯಾಸಿನೋ ಹಡಗುಗಳು. ಇನ್ನೊಂದು ಕಡೆ ಬಿಳಿ ಗೋಡೆಯ ಹಳೆಯ ಸೆಕ್ರೆಟೇರಿಯಟ್ ಕಟ್ಟಡ. ಹಗಲಿನಲ್ಲಿ ಹಡಗುಗಳಿಗೆ ಅಷ್ಟೇನೂ ಕಳೆಯಿಲ್ಲ. ಹಬ್ಬ ಮುಗಿದ ಮೇಲೆ ಉಳಿದ ಸೀರಿಯಲ್ ಸೆಟ್ಟಿನ ಹಾಗೆ ಕಾಣುತ್ತವೆ. ಕಟ್ಟಡವನ್ನೇ ನೋಡಿದೆವು.

ಆ ಕಟ್ಟಡ ಮೊದಲು ಬಿಜಾಪುರದ ಯೂಸುಫ್ ಆದಿಲ್ ಶಾಹನ ಅರಮನೆ. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಗೋವಾ ಹಿಡಿದ. ಹಿಡಿ ಎಂದು ಅವನಿಗೆ ಹುರಿದುಂಬಿಸಿ ಜೊತೆಗೆ ನಿಂತವನು ನಮ್ಮ ಹೊನ್ನಾವರ ಕಡೆಯ ತಿಮ್ಮಯ್ಯ. ಪೋರ್ಚುಗೀಸರ ಬರಹಗಳಲ್ಲಿ ಅವನು ತಿಮೋಜ. ಅದಕ್ಕೂ ಮೊದಲು ಇಲ್ಲಿ ಆಳಿದ ಗೋವೆಯ ಕದಂಬರಿಗೆ ನಮ್ಮ ಖಾನಾಪುರ ತಾಲ್ಲೂಕಿನ ಹಲಸಿಯೂ ರಾಜಧಾನಿಯಾಗಿತ್ತು. ಅಷ್ಟೇಕೆ, ಹಡಗುಗಳು ನಿಂತಿರುವ ನೀರು ಕೂಡ ಆ ತಾಲ್ಲೂಕಿನದೇ. ಅವರು ಮಾಂಡೋವಿ ಎನ್ನುವ ನದಿ ನಮ್ಮ ಮಹದಾಯಿ, ಭೀಮಗಡದ ಕಾಡಿನಲ್ಲಿ ಹುಟ್ಟುತ್ತದೆ. ಇದರಲ್ಲಿ ನಮಗೆ 13.42 ಟಿಎಂಸಿ ಎಂದು ನ್ಯಾಯಮಂಡಳಿ 2018ರಲ್ಲಿ ತೀರ್ಪು ಕೊಟ್ಟಿತು. ಹುಬ್ಬಳ್ಳಿ, ಧಾರವಾಡ ಕುಡಿಯಲು ಕಾಯುತ್ತಿರುವ ನದಿಯ ಕೆಳತುದಿಯಲ್ಲಿ ಜೂಜಿನ ಹಡಗು ತೇಲುತ್ತದೆ.

ಪಣಜಿ ರಾಜಧಾನಿಯಾದದ್ದು ರೋಗದ ದೆಸೆಯಿಂದ. ಒಳನಾಡಿನ ಹಳೆ ಗೋವಾದಲ್ಲಿ ಕಾಲರಾ, ಮಲೇರಿಯಾ ಬಡಿದು ಜನ ಕಾಲಿ ಮಾಡಿದರು. 1759ರಲ್ಲಿ ವೈಸರಾಯ್ ಈ ಅರಮನೆಗೇ ಬಂದು ಕೂತ. 1843ರಲ್ಲಿ ಪಣಜಿ ಅಧಿಕೃತ ರಾಜಧಾನಿಯಾಯಿತು. ಇದನ್ನು ಓದುವಾಗ ನಮಗೆ ನಮ್ಮೂರಿನ ಕಥೆ ನೆನಪಾಯಿತು. ಹೈದರಾಲಿ ಬಾಣಾವರದ ಜನರನ್ನು ಎಬ್ಬಿಸಿ, ಪಕ್ಕದಲ್ಲಿ ತಾನು ಕಟ್ಟುತ್ತಿದ್ದ ನಾಗಪುರಿಗೆ ಸಾಗಿಸಿದ. ಆ ಜಾಗ ಆರೋಗ್ಯಕ್ಕೆ ಒಗ್ಗಲಿಲ್ಲ, ಜನ ವಾಪಸ್ ಬಂದರು. ಹಳೆ ಗೋವಾದವರು ಬಿಟ್ಟು ಹೋದರು, ನಮ್ಮವರು ತಿರುಗಿ ಬಂದರು, ಅಷ್ಟೇ ವ್ಯತ್ಯಾಸ.

ಹಾಗಾದರೆ ಜೂಜು ಎಲ್ಲಿಂದ ಬಂತು? ಪೋರ್ಚುಗೀಸರ ಕಾಲದಿಂದ ಎಂದು ತುಂಬ ಜನ ತಿಳಿದಿದ್ದಾರೆ. ಅಲ್ಲ. ಗೋವಾ ಭಾರತಕ್ಕೆ ಸೇರಿದ್ದು 1961ರಲ್ಲಿ. ಜೂಜು ನಿಷೇಧಿಸುವ ಕಾನೂನು ಅಲ್ಲಿ 1976ರಲ್ಲೇ ಬಂತು. ಆಮೇಲೆ ಅದೇ ಕಾನೂನಿಗೆ ಒಂದೊಂದಾಗಿ ಕಿಂಡಿ ಕೊರೆದರು. 1992ರ ತಿದ್ದುಪಡಿಯಲ್ಲಿ ಪಂಚತಾರಾ ಹೋಟೆಲುಗಳಲ್ಲಿ ದುಡ್ಡು ಹಾಕಿ ಆಡುವ ಯಂತ್ರಗಳಿಗೆ ಅನುಮತಿ ಸಿಕ್ಕಿತು. 1996ರಲ್ಲಿ ತೀರದಾಚೆಯ ಹಡಗಿನಲ್ಲಿ ಟೇಬಲ್ ಆಟವೂ ಆಗಬಹುದು ಎಂದಾಯಿತು. ಕಾನೂನಿನಲ್ಲಿ ತೀರದಾಚೆ ಎಂದಿದೆ. ಹಡಗುಗಳು ನಿಂತಿರುವುದು ದಡದಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ. ಮೊದಲು ಬಂದ ಹಡಗಿನ ಹೆಸರು ಕ್ಯಾರವೆಲಾ. ಅದು ಪೋರ್ಚುಗೀಸರು ಕಡಲು ದಾಟಿದ ಹಾಯಿಹಡಗಿನ ಹೆಸರು. ಅಲ್ಲಿಂದ ಇಲ್ಲಿಗೆ ಇನ್ನೂ ಮೂವತ್ತು ವರ್ಷ ತುಂಬಿಲ್ಲ. ನದಿಯಿಂದ ಹಡಗು ಎತ್ತಿಸಿ ಎಂದು ಪಣಜಿಯ ಜನ ಎಷ್ಟೋ ಸಲ ಕೇಳಿದರು, ಸರ್ಕಾರ ಗಡುವು ಮುಂದಕ್ಕೆ ಹಾಕುತ್ತಲೇ ಬಂತು.

ನಮ್ಮನ್ನು ನಿಲ್ಲಿಸಿದ ಸಂಗತಿ ಇನ್ನೊಂದು. 2020ರ ಫೆಬ್ರವರಿಯಿಂದ ಗೋವಾದವರು ಆಡಲು ಕ್ಯಾಸಿನೋ ಒಳಗೆ ಹೋಗುವಂತಿಲ್ಲ. ಅಲ್ಲಿ ಕೆಲಸ ಮಾಡಬಹುದು, ಆಡುವಂತಿಲ್ಲ. ಆಡುವವರು ಹೊರಗಿನವರು, ಅಂದರೆ ನಾವು. ಮನೆ ಮಕ್ಕಳಿಗೆ ಬೇಡ ಎಂದು ತೆಗೆದಿಟ್ಟ ಅಡುಗೆಯನ್ನು ನೆಂಟರಿಗೆ ಬಡಿಸಿದ ಹಾಗಾಯಿತು. ತಮ್ಮ ಜನರನ್ನು ಕಾಪಾಡಿಕೊಂಡದ್ದಕ್ಕೆ ನಾವು ಅವರನ್ನು ಬೈಯುವುದಿಲ್ಲ. ಆದರೆ ಕೊಬ್ಬರಿ ಮಾರಿದ ದುಡ್ಡು ಜೇಬಿನಲ್ಲಿಟ್ಟುಕೊಂಡು ವ್ಯಾನು ಮಾಡಿಕೊಂಡು ಹೋಗುವ ನಮ್ಮ ಕಡೆಯ ಹುಡುಗರಿಗೆ ಈ ನಿಯಮ ಗೊತ್ತಿರಬೇಕು.

ಲೆಕ್ಕವೂ ಗೊತ್ತಿರಲಿ. ರೂಲೆಟ್ ಎಂಬ ಚಕ್ರದಲ್ಲಿ ಸೊನ್ನೆಯಿಂದ 36ರವರೆಗೆ ಒಟ್ಟು 37 ಮನೆ. ಎಲ್ಲ ಮನೆಗೂ ನೂರು ನೂರು ರೂಪಾಯಿ ಕಟ್ಟಿದಿರಿ ಅನ್ನಿ, 3,700 ಆಯಿತು. ಗೋಲಿ ಯಾವ ಮನೆಯಲ್ಲಿ ನಿಂತರೂ ನಿಮ್ಮ ಕೈಗೆ ಬರುವುದು 3,600. ಮೋಸವೇನಿಲ್ಲ, ಆಟ ಇರುವುದೇ ಹಾಗೆ. ಎರಡು ಸೊನ್ನೆಯ ಚಕ್ರವಾದರೆ ಇನ್ನೂರು ಹೋಗುತ್ತದೆ. ಇದರ ಮೇಲೆ 2023ರ ಅಕ್ಟೋಬರಿನಿಂದ ಚಿಪ್ ಕೊಂಡ ಪೂರ್ತಿ ಮೊತ್ತಕ್ಕೆ ನೂರಕ್ಕೆ 28ರಂತೆ ಜಿಎಸ್‌ಟಿ ಬಂತು, 2025ರ ಸೆಪ್ಟೆಂಬರಿನಲ್ಲಿ ಅದು 40 ಆಯಿತು. ಸರ್ಕಾರಕ್ಕೆ ಜೂಜಿನ ಪಾಲು ಹೋಗುವುದು ಹೊಸದಲ್ಲ. ಜೂಜಿನ ಅಧ್ಯಕ್ಷ ಗೆದ್ದ ಹಣದಲ್ಲಿ ನೂರಕ್ಕೆ ಐದು ವಸೂಲು ಮಾಡಬೇಕು ಎಂದು ಕೌಟಿಲ್ಯ ಬರೆದಿಟ್ಟಿದ್ದಾನೆ. ಐದು!

ಆ ಹಡಗುಗಳ ಒಳಗೆ ಅಂದರ್ ಬಾಹರ್ ಟೇಬಲ್ಲೂ ಇರುತ್ತದೆ. ನಮ್ಮ ತೋಟದ ಸಾಲಿನಲ್ಲಿ ಟವೆಲ್ ಹಾಸಿ ಕೂತರೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಕೇಸು, ಬೈಕು ಬಿಟ್ಟು ಓಟ. ಅಲ್ಲಿ ಅದೇ ಎಲೆ, ಅದೇ ಆಟ, ಎಸಿ, ಊಟ, ಡ್ಯಾನ್ಸು. ನಮ್ಮ ರಾಜ್ಯ 2007ರಲ್ಲಿ ಲಾಟರಿ ನಿಲ್ಲಿಸಿತು. ಬಸ್‌ಸ್ಟ್ಯಾಂಡಿನ ಲಾಟರಿ ಟೇಬಲ್ಲುಗಳ ಮುಂದೆ ಕೂಲಿ ದುಡ್ಡು ಕಳೆದುಕೊಂಡು ನಿಂತವರನ್ನು ನೋಡಿದವರು ಇನ್ನೂ ಇದ್ದಾರೆ. ಆಮೇಲೆ ಜೂಜು ಫೋನಿಗೆ ಬಂತು. 2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಹಡಗುಗಳು ಹಾಗೇ ಇವೆ.

ನಾವು ಹತ್ತಲಿಲ್ಲ. ಹತ್ತುವ ಮನಸ್ಸು ಒಬ್ಬರಿಗೆ ಸ್ವಲ್ಪ ಇತ್ತು, ಯಾರಿಗೆ ಎಂದು ಬರೆಯುವುದಿಲ್ಲ. ಇಬ್ಬರ ಪ್ರವೇಶದ ದುಡ್ಡಿನಲ್ಲಿ ಊರಿಗೆ ಸ್ಲೀಪರ್ ಟಿಕೆಟ್ ಎಷ್ಟು ಸಲ ತೆಗೆಯಬಹುದು ಎಂದು ಲೆಕ್ಕ ಹಾಕಿ ನಕ್ಕೆವು. ಬಿಸಿಲು ಇಳಿದ ಮೇಲೆ ಪಣಜಿಯಿಂದ ಎದುರು ದಡದ ಬೇತಿಗೆ ಹೋಗುವ ಫೆರ್ರಿ ದೋಣಿ ಹತ್ತಿದೆವು. ನಡೆದು ಬಂದವರಿಗೆ ಟಿಕೆಟ್ಟಿಲ್ಲ. ಕೆಲಸ ಮುಗಿಸಿ ಮನೆಗೆ ಹೋಗುವ ಅಲ್ಲಿಯವರು ತರಕಾರಿ ಚೀಲ, ಸ್ಕೂಟರ್ ಹಿಡಿದು ನಿಂತಿದ್ದರು. ಹಡಗುಗಳ ದೀಪ ಒಂದೊಂದಾಗಿ ಹತ್ತಿಕೊಂಡವು. ನಾವಿಬ್ಬರೇ ಫೋಟೋ ತೆಗೆದದ್ದು. ಉಳಿದವರು ಯಾರೂ ಆ ಕಡೆ ತಿರುಗಿ ನೋಡಲಿಲ್ಲ.