ಅಭಯದಾನ ಮತ್ತು ನಿರಾಶ್ರಿತ ಶಿಶುಗಳು

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಮೊದಲಿನ ಮೂರನ್ನು ಒಂದು ಪ್ರಮಾಣದಲ್ಲಿ ನೀಡಬಹುದು. ಅಭಯಕ್ಕೆ ಅಂಥ ಅಳತೆಯಿಲ್ಲ. ರಾಜಕೀಯ ಕಲಹದಿಂದ ನೆಲೆ ತಪ್ಪಿದ ಮಗುವಿಗೆ ಅಭಯವೆಂದರೇನೆಂಬುದನ್ನು ಉತ್ತರ ಕನ್ನಡ ಜಿಲ್ಲೆಯ ಇತಿಹಾಸವೇ ತಿಳಿಸಬಲ್ಲದು.

ಮನೆಮಾರು ಕಳೆದುಕೊಳ್ಳುವ ದುಃಖ ಈ ಸೀಮೆಗೆ ಹೊಸದಲ್ಲ. 1930ರ ದಶಕದ ಆರಂಭದ ಕರನಿರಾಕರಣೆ ಚಳವಳಿಯಲ್ಲಿ ಸಿದ್ದಾಪುರ, ಶಿರಸಿ, ಅಂಕೋಲೆಗಳ ಅನೇಕ ರೈತ ಕುಟುಂಬಗಳ ಆಸ್ತಿ ಜಪ್ತಾಯಿತು. ಮನೆಯ ಹಿರಿಯರು ಸೆರೆಮನೆ ಸೇರಿದರು. ಆದರೆ 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಬಳಿಕ ಜಮೀನುಗಳನ್ನು ಮರಳಿಸುವ ಏರ್ಪಾಡಾಯಿತು. ಆ ಮಕ್ಕಳ ಕಷ್ಟಕ್ಕೆ ಒಂದು ಕೊನೆಯಿತ್ತು. ಸುತ್ತಲೂ ತಮ್ಮದೇ ನುಡಿಯಾಡುವ ಜನರಿದ್ದರು.

ಶಿರಸಿ, ಯಲ್ಲಾಪುರಗಳ ನೆರೆಯ ಮುಂಡಗೋಡಕ್ಕೆ 1966ರಲ್ಲಿ ಬಂದ ಟಿಬೆಟನ್ನರ ಸ್ಥಿತಿ ಬೇರೆಯಾಗಿತ್ತು. 1959ರಲ್ಲಿ ದಲೈ ಲಾಮಾ ಅವರ ಹಿಂದೆಯೇ ಸಾವಿರಾರು ಜನರು ಹಿಮಾಲಯ ದಾಟಿ ಭಾರತಕ್ಕೆ ಬಂದಿದ್ದರು. ಹಲವರು ಬೆಟ್ಟದ ರಸ್ತೆ ಕೆಲಸಕ್ಕೆ ಸೇರಿದರು. ಅವರ ಮಕ್ಕಳು ಡೇರೆಗಳಲ್ಲಿ ಹಸಿವು, ರೋಗಗಳಿಗೆ ತುತ್ತಾಗತೊಡಗಿದಾಗ, 1960ರ ಮೇ ತಿಂಗಳಲ್ಲಿ ಧರ್ಮಶಾಲೆಯಲ್ಲಿ 51 ಮಕ್ಕಳಿಗಾಗಿ ಶಿಶುಗೃಹವೊಂದು ಆರಂಭವಾಯಿತು. ದಲೈ ಲಾಮಾ ಅವರ ಅಕ್ಕ ತ್ಸೆರಿಂಗ್ ಡೋಲ್ಮಾ ಅದರ ಹೊಣೆ ಹೊತ್ತರು. ಮುಂದೆ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದ ಕಾಲದಲ್ಲಿ ಮುಂಡಗೋಡದಲ್ಲಿ ಸುಮಾರು 4000 ಎಕರೆ ಭೂಮಿಯ ಮೇಲೆ ನೆಲೆಯೊಂದು ಮೂಡಿತು. ಹಿಮದ ನಾಡಿನವರು ಕಾಡು ಕಡಿದು ಜೋಳ, ಭತ್ತ ಬೆಳೆಯಲು ಕಲಿತರು. ಶಾಲೆ, ವಿಹಾರಗಳು ಎದ್ದವು.

ಅನ್ನ, ನೆಲ, ವಿದ್ಯೆ ದೊರೆತರೂ ಮಗುವಿನ ಮನಸ್ಸಿನ ಭಯ ಕೂಡಲೇ ಅಳಿಯದು. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಶಿಶುಗೃಹಗಳನ್ನು ನಡೆಸಿದ ಆ್ಯನಾ ಫ್ರಾಯ್ಡ್ ಒಂದು ಸಂಗತಿಯನ್ನು ಗುರುತಿಸಿದರು: ತಾಯಿಯ ಬಳಿಯಿದ್ದ ಮಗು ಬಾಂಬಿನ ಸದ್ದನ್ನೂ ಬಹುಮಟ್ಟಿಗೆ ತಾಳಿಕೊಳ್ಳುತ್ತಿತ್ತು, ತಾಯಿಯಿಂದ ಅಗಲಿದ ಮಗು ಸುರಕ್ಷಿತ ಸ್ಥಳದಲ್ಲಿದ್ದರೂ ಕುಗ್ಗುತ್ತಿತ್ತು. ದೊಡ್ಡವರು ಕಲಹದ ಕಾರಣವನ್ನು ಬಲ್ಲರು. ಮಗು ಬಲ್ಲುದು ಯಾರು ಬಳಿಯಿಲ್ಲವೆಂಬುದನ್ನು ಮಾತ್ರ. ಅದಕ್ಕಾಗಿ ಅದು ತನ್ನನ್ನೇ ದೂರಿಕೊಳ್ಳುವುದೂ ಉಂಟು. ಮಾತು ನಿಲ್ಲುವುದು, ನಿದ್ರೆಯಲ್ಲಿ ಬೆಚ್ಚುವುದು, ಕಲಿತ ಅಭ್ಯಾಸಗಳನ್ನು ಮರೆಯುವುದು ಹಟಮಾರಿತನವಲ್ಲ, ಅಂತರಂಗದ ಗಾಯದ ಲಕ್ಷಣ.

ಧರ್ಮಶಾಲೆಯ ಶಿಶುಗೃಹ ಮುಂದೆ ಮಕ್ಕಳ ಗ್ರಾಮವಾಗಿ ಬೆಳೆದಾಗ ಈ ಗಾಯಕ್ಕೆ ತಕ್ಕ ವ್ಯವಸ್ಥೆ ರೂಪುಗೊಂಡಿತು. ಮಕ್ಕಳನ್ನು ದೊಡ್ಡ ಕೊಠಡಿಗಳಲ್ಲಿ ತುಂಬದೆ ಮನೆಗಳಾಗಿ ವಿಂಗಡಿಸಿ, ಒಂದೊಂದು ಮನೆಗೆ ಒಬ್ಬ ಸಾಕುತಾಯಿಯನ್ನು ನೇಮಿಸಲಾಯಿತು. ಹಿರಿಯ ಮಕ್ಕಳು ಕಿರಿಯರಿಗೆ ಅಣ್ಣ, ಅಕ್ಕಂದಿರಾದರು.

ವಿದ್ಯಾರ್ಥಿನಿಲಯ, ಅನಾಥಾಶ್ರಮಗಳನ್ನು ನಡೆಸುವ ಧರ್ಮಸಂಸ್ಥೆಗಳು ಇದನ್ನು ಗಮನಿಸಬೇಕು. ಕಟ್ಟಡ, ಊಟಗಳ ಲೆಕ್ಕ ವರ್ಷಾಂತ್ಯದ ವರದಿಯಲ್ಲಿ ಸೇರುತ್ತದೆ. ಮಗುವನ್ನು ಹೆಸರಿಡಿದು ಕರೆಯುವ, ನಾಳೆಯೂ ಅಲ್ಲಿಯೇ ಇರುವ ಒಬ್ಬ ವ್ಯಕ್ತಿ ಆ ಲೆಕ್ಕಕ್ಕೆ ಸಿಗುವುದಿಲ್ಲ. ಆದರೆ ನೊಂದ ಮಗುವಿನ ಪಾಲಿಗೆ ಅಭಯದಾನವೆಂದರೆ ಅದೇ.